ದೀಪ ಹಚ್ಚಿದ ಮೇಲಿನ ಹೆಪ್ಪು

ಹಳದಿ ಬಣ್ಣ ನೋಡಿ ಇರ್ಫಾನ ನದಾಫನಿಗೆ ಬೆವರು ಬಂತು. ಕಾರ್ಡನ್ನು ಬೆಳಕಿಗೆ ಹಿಡಿದ, ತಿರುವಿ ನೋಡಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಅದನ್ನು ಹಿಡಿದುಕೊಂಡೇ ಪರೀಕ್ಷಾಲಯದ ಮುಖ್ಯಸ್ಥೆ ಡಾ. ಮಂದಾಕಿನಿ ಹಂಚಿನಮನಿಯವರ ಕೋಣೆಗೆ ಓಡಿದ.

"ಮೇಡಂ, ಮಷಿನ್ ಕೆಟ್ಟೈತ್ರೀ."

"ನಿನ್ನೇನ ಬಂದು ರಿಪೇರಿ ಮಾಡಿ ಹೋಗ್ಯಾರಲ್ಲೋ?"

"ಅದಕ್ಕ ಕೆಟ್ಟಿರಬೇಕ್ರೀ."

ಹುಬ್ಬಳ್ಳಿಯ ಈ ಪರೀಕ್ಷಾಲಯಕ್ಕೆ ಸರ್ಕಾರ ಇಟ್ಟ ಹೆಸರು ಬೋರ್ಡಿನ ಎರಡು ಸಾಲು ತುಂಬುತ್ತದೆ. ಊರಿನವರಿಗೆ ಅದು ಸಂಡಾಸ ಆಫೀಸು. ಆಟೋದವರಿಗೆ ಹಾಗೆ ಹೇಳಿದರೇ ತಿಳಿಯುತ್ತದೆ, ಬೋರ್ಡಿನ ಹೆಸರು ಹೇಳಿದರೆ ಧಾರವಾಡಕ್ಕೆ ಕರೆದೊಯ್ಯುತ್ತಾರೆ. ಇರ್ಫಾನನಿಗೆ ಹೆಣ್ಣು ಕೇಳಲು ಹೋದಾಗ ಅವನ ಅತ್ತೆ ಆಗುವಾಕೆ ಕೇಳಿದ ಮೊದಲ ಪ್ರಶ್ನೆ "ಕೈ ತೊಳಕೊಂಡು ಬರ್ತೀಯೇನಪಾ?" ಎಂಬುದು.

ಕಾರ್ಡಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಅದು ಅಂಗೈಯಗಲದ ಪ್ಲಾಸ್ಟಿಕ್ ತುಂಡು. ಅದರ ತುಂಬ ಸಾಸಿವೆ ಹಿಡಿಸುವಷ್ಟು ಸಣ್ಣ ಕುಳಿಗಳು. ಒಂದೊಂದು ಕುಳಿಯಲ್ಲೂ ಒಂದೊಂದು ಬಗೆಯ ಆ್ಯಂಟಿಬಯಾಟಿಕ್, ಅದಕ್ಕೆ ಅಂಟಿಸಿದ ಹಳದಿ ಬಣ್ಣ. ಮನುಷ್ಯನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಮಲದಿಂದ ಬೇರ್ಪಡಿಸಿ ಆ ಕುಳಿಗಳಿಗೆ ಬಿಡುತ್ತಾರೆ. ಅವುಗಳಲ್ಲಿ ಯಾವುದಕ್ಕಾದರೂ ಆ ಔಷಧವನ್ನು ಮುರಿದುಹಾಕುವ ವಿದ್ಯೆ ಗೊತ್ತಿದ್ದರೆ ಔಷಧ ತುಂಡಾಗಿ ಹಳದಿಯು ಕೆಂಪಾಗುತ್ತದೆ, ಅರಿಶಿನದ ನೀರಿಗೆ ಸುಣ್ಣ ಬೆರೆಸಿದ ಹಾಗೆ. ಊರಿನವರು ಇದಕ್ಕೂ ತಮ್ಮದೇ ಹೆಸರು ಇಟ್ಟಿದ್ದಾರೆ, ಓಕುಳಿ ಪರೀಕ್ಷೆ. ಯಾವ ಕುಳಿ ಕೆಂಪಾಯಿತೋ ಆ ಔಷಧ ಆ ಮನುಷ್ಯನ ಕಷ್ಟಕಾಲಕ್ಕೆ ಕೆಲಸಕ್ಕೆ ಬಾರದು ಎಂದು ಅರ್ಥ.

ಈ ಕಥೆ ನಡೆಯುವ ಹೊತ್ತಿಗೆ ನೀವು ನಾನು ಯಾರೂ ಇರುವುದಿಲ್ಲ, ಆದರೆ ತಪ್ಪು ನಮ್ಮದೇ. ನೆಗಡಿ ಬಂದರೆ ಆ್ಯಂಟಿಬಯಾಟಿಕ್, ಕೋಳಿ ದಪ್ಪಗಾಗಲಿ ಎಂದು ಆ್ಯಂಟಿಬಯಾಟಿಕ್, ಐದು ದಿನದ ಗುಳಿಗೆ ಕೊಟ್ಟರೆ ಎರಡು ದಿನಕ್ಕೇ ಬಿಟ್ಟು ಉಳಿದದ್ದು ಪಕ್ಕದ ಮನೆಯವರಿಗೆ. ಹೀಗೆ ಮಾಡಿ ಮಾಡಿ ಬ್ಯಾಕ್ಟೀರಿಯಾಗಳನ್ನು ನಾವೇ ಗರಡಿಗೆ ಕಳಿಸಿದೆವು. ಅವೋ, ಕಲಿತ ಪಟ್ಟನ್ನು ಒಂದಕ್ಕೊಂದು ಹೇಳಿಕೊಡುವುದರಲ್ಲಿ ನಮಗಿಂತ ಉದಾರಿಗಳು. ಮೊಮ್ಮಕ್ಕಳ ಕಾಲಕ್ಕೆ ಎಲ್ಲರ ಕಾರ್ಡೂ ಕೆಂಪು. "ನಿಂದು ಎಷ್ಟು ಕೆಂಪು?" ಎಂದು ಜನ ಬಸ್ಸಿನಲ್ಲಿ ಮಾತಾಡಿಕೊಳ್ಳುತ್ತಾರೆ. ಗಂಡು ಹೆಣ್ಣು ನೋಡುವಾಗ ಜಾತಕದ ಜೊತೆ ಕಾರ್ಡನ್ನೂ ಇಡುತ್ತಾರೆ. ಕಾರ್ಡಿನ ಕೊನೆಯ ಸಾಲಿನಲ್ಲಿರುವುದು ಬೇರೆ ಯಾವುದೂ ನಾಟದಾಗ ಕೊಡಲೆಂದು ಕಾದಿರಿಸಿದ ಔಷಧಗಳು. ಆ ಸಾಲೂ ಕೆಂಪಾದವರು ಬೇರೆಯವರಿಗೆ ಅಡುಗೆ ಮಾಡುವಂತಿಲ್ಲ ಎಂದು ಕಾನೂನು. ಹೋಟೆಲು, ಖಾನಾವಳಿ, ಮಠದ ದಾಸೋಹ, ಎಲ್ಲಿಯ ಅಡುಗೆಯವರಾದರೂ ವರ್ಷಕ್ಕೆ ಎರಡು ಸಲ ಪರೀಕ್ಷೆಗೆ ಕೊಡಲೇಬೇಕು. ಕಾನೂನು ಹೊಸದು, ಇದು ಮೊದಲ ಸುತ್ತು.

ಹಾಗೆ ಬಂದ ಒಂದು ಕಾರ್ಡು ಈಗ ಮಂದಾಕಿನಿಯ ಮೇಜಿನ ಮೇಲಿತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹಳದಿ. ಒಂದು ಕುಳಿಯೂ ಕೆಂಪಾಗಿರಲಿಲ್ಲ.

ಇಂಥದ್ದನ್ನು ಆಕೆ ತನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ಮತ್ತೆ ಪರೀಕ್ಷೆ ಮಾಡಿಸಿದಳು. ಹಳದಿ. ಮಾದರಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇವೆಯೋ ಇಲ್ಲವೋ ನೋಡಿಸಿದಳು. ಜಾತ್ರೆಯಷ್ಟು ಇದ್ದವು, ಎಲ್ಲವೂ ಔಷಧ ಕಂಡರೆ ಸಾಯುವ ಪಾಪದವು. ಕೊನೆಗೆ ಇರ್ಫಾನ ತನ್ನದನ್ನೇ ಯಂತ್ರಕ್ಕಿಟ್ಟ. ಅದು ಎಂದಿನಂತೆ ಕೆಂಪಗೆ ಹೊರಬಂತು. ಯಂತ್ರ ಸರಿಯಾಗಿಯೇ ಇತ್ತು.

"ಯಾರದೋ ಇದು?" ಎಂದಳು ಮಂದಾಕಿನಿ.

"ಖಾನಾವಳಿ ಬಸಲಿಂಗವ್ವಾರದ್ರೀ. ವಾರಕ್ಕ ಎರಡ ಸಲ ನಾ ಅಲ್ಲೇ ಉಣ್ತೀನಿ ಮೇಡಂ, ನಂದು ನೋಡಿದ್ರ ಹಿಂಗ ಐತಿ!"

ಮಂದಾಕಿನಿ ನಗಲಿಲ್ಲ. ಆಕೆಗೆ ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿರುವ ಕಸ್ತೂರಿ ನೆನಪಾಗಿದ್ದಳು.

ಕಸ್ತೂರಿಗೆ ಹತ್ತೊಂಬತ್ತು ವರ್ಷ. ಎರಡೂ ಕಿಡ್ನಿ ಹೋಗಿದ್ದವು. ತಾಯಿ ಶಾರವ್ವ ತನ್ನದೊಂದನ್ನು ಕೊಡಲು ಸಿದ್ಧಳಿದ್ದಳು, ಅದು ಹೊಂದಿಕೆಯೂ ಆಗಿತ್ತು. ಅಡ್ಡ ನಿಂತದ್ದು ಕಾರ್ಡು. ಹುಡುಗಿಯ ಕೊನೆಯ ಸಾಲು ಪೂರ್ತಿ ಕೆಂಪು. ಹೊಸ ಕಿಡ್ನಿ ಹಾಕಿದ ಮೇಲೆ ದೇಹ ಅದನ್ನು ಒದ್ದು ಹಾಕದಂತೆ ರೋಗನಿರೋಧಕ ಶಕ್ತಿಯನ್ನು ಔಷಧ ಕೊಟ್ಟು ತಗ್ಗಿಸುತ್ತಾರೆ. ಆಗ ಕರುಳಲ್ಲಿ ಸುಮ್ಮನಿದ್ದ ಈ ಕೆಂಪು ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುತ್ತವೆ, ತಡೆಯಲು ಜಗತ್ತಿನಲ್ಲಿ ಮದ್ದಿಲ್ಲ. ಹಿಂದೆ ಹೀಗೆ ಆದವರು ಯಾರೂ ಉಳಿದಿರಲಿಲ್ಲ. ಕೊನೆಯ ಸಾಲು ಹಳದಿಯಾಗುವವರೆಗೆ ಚಾಕು ಮುಟ್ಟುವುದಿಲ್ಲ ಎಂದು ಶಸ್ತ್ರವೈದ್ಯರು ಹೇಳಿದ್ದರು. ಇತ್ತ ಡಯಾಲಿಸಿಸ್ಸಿಗೆ ಸೂಜಿ ಚುಚ್ಚಲು ಒಂದೊಂದೇ ರಕ್ತನಾಳ ಮುಚ್ಚಿಕೊಳ್ಳುತ್ತ ಬಂದಿತ್ತು.

ಉಳಿದದ್ದು ಒಂದೇ ದಾರಿ. ಶುದ್ಧವಾದ ಕರುಳಿನಿಂದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ತಂದು, ಸೋಸಿ, ಕ್ಯಾಪ್ಸೂಲಿನಲ್ಲಿ ತುಂಬಿ ನುಂಗಿಸುವುದು. ಒಳ್ಳೆಯವು ಬೇರೂರಿದರೆ ಕೆಟ್ಟವು ಜಾಗವಿಲ್ಲದೆ ಹೋಗುತ್ತವೆ. ಪುಸ್ತಕದಲ್ಲಿ ಸುಲಭವಾಗಿಯೇ ಇದೆ. ಶುದ್ಧ ಕರುಳು ಎಲ್ಲಿ ಸಿಗುತ್ತದೆ ಎಂಬುದನ್ನು ಮಾತ್ರ ಪುಸ್ತಕ ಬರೆದವರು ಹೇಳಿಲ್ಲ.

*

ಮಂದಾಕಿನಿ ಖಾನಾವಳಿಗೆ ಹೋದಾಗ ಮಧ್ಯಾಹ್ನದ ಗದ್ದಲ ಇಳಿದಿತ್ತು. ಬಸಲಿಂಗವ್ವ ಹಂಚಿನ ಮುಂದೆ ಕುಳಿತು ಕೊನೆಯ ರೊಟ್ಟಿಗಳನ್ನು ಬಡಿಯುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು, ಹಣೆ ತುಂಬ ವಿಭೂತಿ, ಮೊಣಕೈವರೆಗೆ ಜೋಳದ ಹಿಟ್ಟು.

"ಬರ್ರಿ ಬಾಯಾರ, ಕುಂದರ್ರಿ. ಎರಡ ಬಿಸಿ ರೊಟ್ಟಿ ಹಾಕ್ತೀನಿ."

"ಊಟಕ್ಕ ಬಂದಿಲ್ರೀ ಅಕ್ಕಾರ. ಸಂಡಾಸ ಆಫೀಸಿನಿಂದ ಬಂದೀನಿ. ನಿಮ್ಮ ಕಾರ್ಡಿನ ವಿಷಯ ಮಾತಾಡಬೇಕಿತ್ತು."

ಬಡಿಯುತ್ತಿದ್ದ ಕೈ ನಿಂತಿತು. "ಕೆಂಪಾತೇನ್ರೀ? ಒಲಿ ಆರಸಬೇಕೇನು?"

"ಇಲ್ರೀ, ಹಳದಿ ಐತಿ. ಪೂರ್ತಿ ಹಳದಿ."

"ಮತ್ತ ಅಷ್ಟ ಹೇಳೂದು ಬಿಟ್ಟು ಸುಮ್ನ ಎದಿ ಒಡಿಸಿದ್ರಲ್ರೀ!" ಎಂದು ಬಸಲಿಂಗವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಅಷ್ಟರಲ್ಲಿ ಎದುರುಮನೆಯ ಟೇಲರನ ಹೆಂಡತಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. ಅವರ ಮನೆಯ ಹೆಪ್ಪು ಹುಳಿಬಂದು ಕೆಟ್ಟಿತ್ತಂತೆ. ಬಸಲಿಂಗವ್ವ ಎದ್ದು ಕೈ ತೊಳೆದು, ಮೂಲೆಯ ಮಣ್ಣಿನ ಗಡಿಗೆಯಿಂದ ಒಂದು ಸೌಟು ಗಟ್ಟಿ ಮೊಸರು ತೆಗೆದು ಬಟ್ಟಲಿಗೆ ಹಾಕಿ ಕಳಿಸಿದಳು.

"ಯಾರು ಕೇಳಿದ್ರೂ ಕೊಡ್ತೀರೇನ್ರೀ?" ಎಂದಳು ಮಂದಾಕಿನಿ, ಮಾತು ಎಲ್ಲಿಂದಾದರೂ ಶುರುವಾಗಲಿ ಎಂದು.

"ಹೆಪ್ಪು ಇಲ್ಲಂತಾರೇನ್ರೀ? ನಾಳೆ ನಮ್ಮ ಗಡಿಗಿ ಕೆಟ್ರ ಕೇಳಾಕ ಒಂದ ಮನಿ ಇರ್ಬೇಕಲ್ಲ. ಹೋದ ವರ್ಷ ಬೆಕ್ಕು ಗಡಿಗಿ ಉರುಳಿಸಿ ಒಡದ ಹಾಕ್ತು. ನಮ್ಮತ್ತಿ ಕಾಲದಿಂದ ಬಂದ ಹೆಪ್ಪದು. ನಾ ಅತ್ತ ಬಿಟ್ಟೆ. ಆಮ್ಯಾಲೆ ಇದ ಟೇಲರನ ಮನ್ಯಾಗಿಂದ ನಮ್ಮ ಹೆಪ್ಪ ನಾವ ತಿರುಗಿ ತಂದ್ವಿ."

ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎಂದುಕೊಂಡು ಮಂದಾಕಿನಿ ಹೇಳತೊಡಗಿದಳು. ಕರುಳೂ ಒಂದು ಗಡಿಗೆಯೇ. ಊರಿನ ಎಲ್ಲರ ಗಡಿಗೆಯೂ ಕೆಟ್ಟಿದೆ. ನಿಮ್ಮದೊಂದು ಉಳಿದಿದೆ. ಅದರದೊಂದಿಷ್ಟು ಹೆಪ್ಪು ಸಿಕ್ಕರೆ ಒಂದು ಜೀವ ಉಳಿಯುತ್ತದೆ. ಬಸಲಿಂಗವ್ವ ತಲೆದೂಗುತ್ತ ಕೇಳಿದಳು. ನಿಧಾನವಾಗಿ ಆಕೆಗೆ ವಿಷಯ ಹೊಳೆಯಿತು.

"ಅಂದ್ರ ನಂದು... ಅದನ್ನ... ಬ್ಯಾರೇದವ್ರು ನುಂಗತಾರಾ?"

"ಸೋಸಿ, ಕ್ಯಾಪ್ಸೂಲ್‌ನ್ಯಾಗ ಹಾಕಿ ಕೊಡ್ತೀವ್ರೀ. ವಾಸನಿ, ರುಚಿ ಏನೂ ಇರಂಗಿಲ್ಲ."

"ಯವ್ವಾ ಶಿವನ!" ಬಸಲಿಂಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೋದದ್ದನ್ನೂ ಆಕೆ ನೋಡಲಿಲ್ಲ.

"ಬಾಯಾರ, ನಾ ಮದವಿ ಆಗಿ ಬಂದಾಗಿಂದ ಈ ಒಲಿ ಮುಂದ ಕುಂತೀನಿ. ಗಂಡ ಹೋದ್ರೂ ಒಲಿ ಆರಿಸಿಲ್ಲ. ಬಸಲಿಂಗವ್ವನ ಕೈ ಸ್ವಚ್ಛ ಅಂತ ಜನಾ ಇಲ್ಲಿ ಬಂದು ಉಣ್ತಾರ. ಬಸಲಿಂಗವ್ವನ ಸಂಡಾಸ ಔಷಧ ಆಗೇತಿ ಅಂತ ಒಂದ ಬಾಯಿಗೆ ಗೊತ್ತಾದ್ರ ಸಾಕು. ತಾಟಿನ ಮುಂದ ಕುಂತಾಗ ಅದ ನೆನಪಾಗೂದಿಲ್ಲೇನ್ರೀ? ನನ್ನ ರೊಟ್ಟಿ ಯಾರ್ ಮುಟ್ತಾರ?"

"ಹೆಸರು ಹೊರಗ ಬಿಡಂಗಿಲ್ರೀ."

"ಈ ಊರಾಗ? ನೀವಿಲ್ಲಿ ಬಂದು ಕುಂತದ್ದನ್ನ ಟೇಲರನ ಹೆಂಡ್ತಿ ಇಷ್ಟೊತ್ತಿಗೆ ನಾಕ ಮನಿಗೆ ಹೇಳಿರ್ತಾಳ. ಇಲ್ರೀ, ನಾ ಒಲ್ಲೆ. ನನ್ನ ಕಡೆ ರೊಟ್ಟಿ ಕೇಳ್ರಿ, ಮೊಸರು ಕೇಳ್ರಿ, ಕೊಡ್ತೀನಿ. ಇದೊಂದು ಬ್ಯಾಡ."

ಹಂಚಿನ ಪಕ್ಕ ಪೇರಿಸಿಟ್ಟ ರೊಟ್ಟಿಗಳನ್ನು ನೋಡಿದಾಗ ಅರೆಗಳಿಗೆ ಮಂದಾಕಿನಿಗೂ ಅದೇ ನೆನಪಾಗಿತ್ತು. ಕಸ್ತೂರಿಯ ಕಥೆ ನಾಲಿಗೆಯ ತುದಿಗೆ ಬಂತು. ಯಾರಿಗೆ ಕೊಡುವುದೆಂದು ದಾನಿಗೆ ಹೇಳಬಾರದು, ಯಾರು ಕೊಟ್ಟರೆಂದು ರೋಗಿಗೆ ಹೇಳಬಾರದು ಎಂಬ ನಿಯಮವನ್ನು ಮಾಡಿದವರಲ್ಲಿ ಆಕೆಯೂ ಒಬ್ಬಳು. ನುಂಗಿಕೊಂಡಳು. ಮಾದರಿ ತುಂಬುವ ಬಿಳಿಯ ಡಬ್ಬಿಯನ್ನು ಚೀಲ ಸಮೇತ ಕಟ್ಟೆಯ ಮೇಲಿಟ್ಟು, "ಇದು ಇಲ್ಲೇ ಇರ್ಲಿ. ಬ್ಯಾಡಂದ್ರ ಒಗದ ಬಿಡ್ರಿ" ಎಂದು ಎದ್ದಳು.

*

ಮಂದಾಕಿನಿ ಕೈಕಟ್ಟಿ ಕೂರಲಿಲ್ಲ. ಜಿಲ್ಲೆಯ ಅಡುಗೆಯವರಿಂದ ಈವರೆಗೆ ಬಂದ ಕಾರ್ಡುಗಳನ್ನೆಲ್ಲ ತೆಗೆಸಿ ನೋಡಿದಳು. ಪಕ್ಕದ ಜಿಲ್ಲೆಗಳಿಗೆ ಫೋನು ಮಾಡಿದಳು. "ಪೂರ್ತಿ ಹಳದಿ? ನಿಮ್ಮ ಮಷಿನ್ ಚೆಕ್ ಮಾಡಿಸ್ರಿ" ಎಂದು ಅಲ್ಲಿಯವರು ನಕ್ಕರು. ಎಲ್ಲೂ ಸಿಗಲಿಲ್ಲ.

ಕೊನೆಗೆ ಆಸ್ಪತ್ರೆಗೆ ಹೋಗಿ ಶಾರವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಒಬ್ಬರು ಸಿಕ್ಕಿದ್ದರು, ಒಪ್ಪಲಿಲ್ಲ, ಹೆಸರು ಕೇಳಬೇಡಿ. ಶಾರವ್ವ ನವಲಗುಂದದ ಕಡೆಯ ಹೆಂಗಸು, ಅಂಗನವಾಡಿಯಲ್ಲಿ ಕೆಲಸ. ಕೇಳಿ ಗೋಡೆಗೆ ಒರಗಿದಳು.

ಮಾತಾಡಿದವಳು ಕಸ್ತೂರಿ. "ಆಪರೇಷನ್ ಆದಮ್ಯಾಲೆ ಮೊದಲ ಏನ್ ತಿನ್ನಬೇಕಂತ ಯೋಚನಿ ಮಾಡೀನ್ರೀ ಮೇಡಂ. ಉಪ್ಪು ಹಾಕಿದ್ದು. ಯಾವುದಾದ್ರೂ ನಡೀತೈತಿ, ಉಪ್ಪು ಇರ್ಬೇಕಷ್ಟ." ಹುಡುಗಿಯ ಕೈಯಲ್ಲಿ ಸೂಜಿ ಚುಚ್ಚಿದ ಕಲೆಗಳು ಕಪ್ಪುಗಟ್ಟಿದ್ದವು. ಮಂದಾಕಿನಿ "ಆತು" ಎಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು.

*

ಮಂದಾಕಿನಿಗೆ ತಿಳಿಯದ ಸಂಗತಿ ಒಂದಿತ್ತು. ಶಾರವ್ವ ದಿನವೂ ಉಣ್ಣುತ್ತಿದ್ದುದು ಬಸಲಿಂಗವ್ವನ ಖಾನಾವಳಿಯಲ್ಲಿ. ಆಸ್ಪತ್ರೆಯ ಸುತ್ತಮುತ್ತ ಉಪ್ಪಿಲ್ಲದ ಪಲ್ಯ ಬೇರೆ ಮಾಡಿಕೊಡುವವರು ಇನ್ನಾರೂ ಇರಲಿಲ್ಲ. ಮಗಳಿಗೆಂದು ಬಸಲಿಂಗವ್ವ ದಿನವೂ ಸಣ್ಣ ಬೋಗುಣಿಯಲ್ಲಿ ಬೇರೆಯಾಗಿ ಬೇಯಿಸಿ ಡಬ್ಬಿಗೆ ಹಾಕುತ್ತಿದ್ದಳು. ಸಂಜೆ ಹೋಗುವಾಗ ಶಾರವ್ವನಿಗೆಂದು ಒಂದಿಷ್ಟು ಮೊಸರು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದ ಬರಿದೇ ಹೊರಗೆ ಹೋಗಬಾರದು. ಅದಕ್ಕೆ ಮೊಸರಿನೊಳಗೆ ಒಂದು ಬ್ಯಾಡಗಿ ಮೆಣಸಿನಕಾಯಿ ಹಾಕಿ ಕೊಡುವುದು ಬಸಲಿಂಗವ್ವನ ಅತ್ತೆ ಕಲಿಸಿದ ರೂಢಿ.

ಆ ದಿನ ಶಾರವ್ವ ಮಧ್ಯಾಹ್ನದ ತಾಟಿನ ಮುಂದೆ ಕುಳಿತಿದ್ದಳೇ ಹೊರತು ತುತ್ತು ಎತ್ತಿರಲಿಲ್ಲ.

"ಯಾಕವಾ ತಂಗಿ, ಖಾರ ಆತೇನು?"

"ಇಲ್ಲಬೇ ಅಕ್ಕಾ." ಅಷ್ಟು ಹೇಳಿದ್ದೇ ಶಾರವ್ವನ ಕಟ್ಟೆಯೊಡೆಯಿತು. "ನನ್ನ ಮಗಳ ಕರಳು ಕೆಟ್ಟೈತಂತ. ಅದನ್ನ ಸರಿಮಾಡು ಮಟಾ ಕಿಡ್ನಿ ಹಾಕಂಗಿಲ್ಲಂತ. ಯಾರೋ ಒಬ್ರ ಹೊಟ್ಟಿ ಮಾತ್ರ ಸ್ವಚ್ಛ ಐತಂತ, ಅವ್ರ ಕೊಟ್ರ ಉಳೀತಾಳಂತ. ಅವ್ರು ಒಲ್ಲೆ ಅಂದ್ರಂತ."

ಬಸಲಿಂಗವ್ವನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. "ಹೆಸರು... ಹೇಳ್ಯಾರೇನು?"

"ಇಲ್ಲ. ಕೇಳಬ್ಯಾಡ ಅಂದ್ರು. ಕೇಳಿ ಏನ್ ಮಾಡ್ಲಿ? ಅವ್ರಿಗೂ ಅವ್ರ ಮರ್ಯಾದಿ ಇರ್ತೈತಿ. ನನ್ನ ರಕ್ತಾ ಕೊಡ್ತೀನಿ, ಕಿಡ್ನಿ ಕೊಡ್ತೀನಿ, ಅದೊಂದು ನನ್ನ ಕಡೆ ಇಲ್ಲ ನೋಡಬೇ. ನಂದೂ ಕೆಂಪೈತಿ."

ಬಸಲಿಂಗವ್ವ ಹಿಟ್ಟನ್ನು ಕಲ್ಲಿನ ಮೇಲೆ ಹಾಕಿ ಬಡಿಯತೊಡಗಿದಳು. ಪಕ್ಕದ ಅಂಗಡಿಯವರು ಇಣುಕಿ ನೋಡುವಷ್ಟು ಜೋರಾಗಿ ಬಡಿದಳು. ರೊಟ್ಟಿ ಹರಿದು ಹೋಯಿತು. ಮುದ್ದೆ ಮಾಡಿ ಮತ್ತೆ ಬಡಿದಳು, ಮತ್ತೆ ಹರಿಯಿತು. ಕಟ್ಟೆಯ ಮೂಲೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಬಿಳಿಯ ಡಬ್ಬಿ ಚೀಲದೊಳಗೇ ಕುಳಿತಿತ್ತು. ಆಕೆ ಅದನ್ನು ಒಗೆದಿರಲಿಲ್ಲ, ಯಾಕೆ ಒಗೆದಿಲ್ಲವೆಂದು ತನ್ನನ್ನು ತಾನು ಕೇಳಿಕೊಂಡಿರಲೂ ಇಲ್ಲ.

*

ಮಾರನೆಯ ದಿನ ದೀಪ ಹಚ್ಚುವ ಹೊತ್ತು ಕಳೆದ ಮೇಲೆ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಸಂಡಾಸ ಆಫೀಸಿನ ಹಿಂಬಾಗಿಲಿಗೆ ಬಂದಳು. ಇರ್ಫಾನನ ಕೈಗೆ ಚೀಲ ತುರುಕಿದಳು. "ನಿಮ್ಮ ಬಾಯಾರಿಗೆ ಕೊಡು. ಹೆಸರು ಬರೀಬ್ಯಾಡ. ಖಾನಾವಳಿಗೆ ಬಂದಾಗ ನನ್ನ ಮಾರಿ ನೋಡಿ ನಕ್ಕರ ಸೌಟಲೆ ಬಡೀತೀನಿ." ಅವನು ಬಾಯಿ ತೆರೆಯುವಷ್ಟರಲ್ಲಿ ಹೋಗಿಯೂ ಬಿಟ್ಟಳು.

ಮಂದಾಕಿನಿ ಮನೆಗೆ ಹೊರಟಿದ್ದವಳು ಚಪ್ಪಲಿ ಬಿಟ್ಟು ಒಳಗೆ ಓಡಿ ಬಂದಳು. ಕ್ಯಾಪ್ಸೂಲು ಮಾಡುವ ಮೊದಲು ಹೊಸದಾಗಿ ಪರೀಕ್ಷೆ ಮಾಡಲೇಬೇಕು. ಕಾರ್ಡು ಯಂತ್ರಕ್ಕೆ ಹೋಯಿತು. ಇಬ್ಬರೂ ಅದರ ಮುಂದೆ ನಿಂತರು. 

ಕೊನೆಯ ಸಾಲಿನಲ್ಲಿ ಎರಡು ಕುಳಿಗಳು ಕೆಂಪಾದವು.

ಮಂದಾಕಿನಿ ಕಾರ್ಡನ್ನು ಕೈಗೆತ್ತಿಕೊಂಡಳು. ಮೊನ್ನೆ ತನಕ ಶುದ್ಧವಿದ್ದ ಕರುಳು ಇಷ್ಟರಲ್ಲೇ ಕೆಟ್ಟಿತೇ? ತಾನು ಅವತ್ತು ಇನ್ನೊಂದಿಷ್ಟು ಗಟ್ಟಿಯಾಗಿ ಕೇಳಿದ್ದರೆ? ಪಾಪ, ಆ ಹೆಂಗಸು ನಾಚಿಕೆ ನುಂಗಿಕೊಂಡು ತಂದುಕೊಟ್ಟದ್ದು ಹೀಗಾಯಿತೇ?

"ಮೇಡಂ," ಇರ್ಫಾನ ಡಬ್ಬಿಯೊಳಗೆ ಇಕ್ಕುಳ ಹಾಕಿ ಏನನ್ನೋ ಎತ್ತಿದ್ದ. "ಇದ್ರಾಗ ಮೆಣಸಿನಕಾಯಿ ಐತ್ರೀ."

ಮಂದಾಕಿನಿ ನೋಡಿದಳು. ಬ್ಯಾಡಗಿ ಮೆಣಸಿನಕಾಯಿ, ತೊಟ್ಟು ಸಮೇತ. ಆಕೆಯ ಅವ್ವ ಹೆಪ್ಪು ಇಲ್ಲದಾಗ ಹಾಲಿಗೆ ಹಾಕುತ್ತಿದ್ದುದೂ ಮೆಣಸಿನಕಾಯಿಯನ್ನೇ. ತೊಟ್ಟಿನಲ್ಲಿರುವ ಬ್ಯಾಕ್ಟೀರಿಯಾಗಳೇ ಹಾಲನ್ನು ಮೊಸರು ಮಾಡುತ್ತಿದ್ದವು. ಹೊಲದ ಗೊಬ್ಬರ, ಸಂತೆಯ ಚೀಲ, ಹತ್ತು ಕೈ ದಾಟಿ ಬಂದ ಕಾಯಿಯ ಮೇಲೆ ಇನ್ನೇನೇನು ಅಂಟಿಕೊಂಡಿರಬೇಡ! ಆ ಕಾಯಿಯನ್ನೇ ತೊಳೆದು ಆ ನೀರನ್ನು ಇನ್ನೊಂದು ಕಾರ್ಡಿಗೆ ಬಿಟ್ಟರು. ಅವೇ ಎರಡು ಕುಳಿಗಳು ಕೆಂಪಾದವು. ಕೆಟ್ಟದ್ದು ಬಸಲಿಂಗವ್ವನ ಕರುಳಲ್ಲ, ಮೆಣಸಿನಕಾಯಿ.

ಮಂದಾಕಿನಿ ಫೋನು ಹಚ್ಚಿದಳು.

"ಅಕ್ಕಾರ, ಡಬ್ಬ್ಯಾಗ ಮೆಣಸಿನಕಾಯಿ ಹಾಕಿದ್ರೇನ್ರೀ?"

"ಮತ್ತ? ದೀಪಾ ಹಚ್ಚಿದ ಮ್ಯಾಲೆ ಹೆಪ್ಪು ಬರೇ ಹ್ಯಾಂಗ ಕಳಸ್ಲಿ? ಇಸಗೊಳ್ಳೋರಿಗೆ ಒಳ್ಳೇದಾಗಬೇಕಲ್ರೀ."

ಮಂದಾಕಿನಿಗೆ ನಗು ಬಂತು, ಹಿಂದೆಯೇ ಅಳು ಬಂತು, ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಫೋನು ಇರ್ಫಾನನ ಕೈಗೆ ಕೊಟ್ಟಳು. ಅವನೇ ಮೆಣಸಿನಕಾಯಿಯ ಅಪರಾಧವನ್ನು ವಿವರಿಸಿ, ಇನ್ನೊಮ್ಮೆ ಕೊಡಬೇಕಾಗುತ್ತದೆ ಎಂದ. ಆ ಕಡೆಯಿಂದ ಬಸಲಿಂಗವ್ವನ ದನಿ ಬಂತು.

"ಹಂಗಾರ ಮುಂಜಾನೆ ಬಂದು ತೊಗೊಂಡ ಹೋಗು. ಬೆಳಕಿದ್ದಾಗ ಕೊಟ್ರ ಮೆಣಸಿನಕಾಯಿ ಬೇಕಾಗಂಗಿಲ್ಲ."

*

ಕ್ಯಾಪ್ಸೂಲುಗಳನ್ನು ಕಸ್ತೂರಿಗೂ ಕೊಟ್ಟರು, ಶಾರವ್ವನಿಗೂ ಕೊಟ್ಟರು. ಒಂದೇ ಮನೆಯಲ್ಲಿ ಒಬ್ಬರ ಕರುಳು ಮಾತ್ರ ಸರಿಯಾದರೆ ಇನ್ನೊಬ್ಬರ ಕೈಯಿಂದ ಮತ್ತೆ ಕೆಡಲು ತಡವಾಗುವುದಿಲ್ಲ. ಮೊದಲ ವಾರ ಕಾರ್ಡು ಕೆಂಪಾಗಿಯೇ ಇತ್ತು. ಆಮೇಲೆ ಒಂದೊಂದೇ ಕುಳಿ ಹಳದಿಗೆ ತಿರುಗಿತು. ಕೊನೆಯ ಸಾಲು ಪೂರ್ತಿ ಹಳದಿಯಾದ ದಿನ ಇರ್ಫಾನ ಆ ಕಾರ್ಡನ್ನು ಹಿಡಿದುಕೊಂಡು ಆಸ್ಪತ್ರೆಯವರೆಗೆ ನಡೆದೇ ಹೋದ, ಆಟೋದಲ್ಲಿ ಎಲ್ಲಿ ಬೀಳುತ್ತದೋ ಎಂದು.

ಕಿಡ್ನಿ ಹಿಡಿಯಿತು. ಆಸ್ಪತ್ರೆಗೆ ಹತ್ತಿರವಿರಲಿ ಎಂದು ತಾಯಿ ಮಗಳು ಹುಬ್ಬಳ್ಳಿಯಲ್ಲೇ ಒಂದು ಕೋಣೆ ಹಿಡಿದರು. ಡಾಕ್ಟರು ಒಪ್ಪಿದ ದಿನ ಕಸ್ತೂರಿ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಖಾನಾವಳಿಗೆ ಬಂದಳು. ಹಂಚಿನಿಂದ ಇಳಿದ ರೊಟ್ಟಿ, ಉಪ್ಪು ಹಾಕಿದ ಬದನೆಕಾಯಿ ಎಣ್ಣೆಗಾಯಿ. ಹುಡುಗಿ ಕಣ್ಣು ಮುಚ್ಚಿಕೊಂಡು ತಿಂದಳು. ಬಸಲಿಂಗವ್ವ ಹೊಗೆಯ ನೆಪ ಹೇಳಿ ಎರಡು ಸಲ ಕಣ್ಣೊರೆಸಿಕೊಂಡಳು, ಅವತ್ತು ಒಲೆಯಲ್ಲಿ ಹೊಗೆಯೇ ಇರಲಿಲ್ಲ.

"ಆ ಪುಣ್ಯಾತ್ಮರು ಯಾರಂತ ಗೊತ್ತಾದ್ರ ಕಾಲಿಗೆ ಬೀಳ್ತಿದ್ದೆ" ಎಂದಳು ಶಾರವ್ವ.

"ಹೆಪ್ಪು ಕೊಟ್ಟವ್ರ ಕಾಲಿಗೆ ಯಾರರ ಬೀಳ್ತಾರೇನ? ಸುಮ್ನ ಉಣ್ಣು" ಎಂದಳು ಬಸಲಿಂಗವ್ವ.

ಒಂದು ಮಾತ್ರ ಬದಲಾಗಿತ್ತು. ಸಂಜೆಯ ಮೊಸರಿನ ಡಬ್ಬಿಯೊಳಗೆ ಆಕೆ ಈಗ ಮೆಣಸಿನಕಾಯಿ ಹಾಕುತ್ತಿರಲಿಲ್ಲ. ಹಳೆಯ ಇಳಕಲ್ ಸೀರೆಯ ಅಂಚಿನಿಂದ ಎಳೆದ ಕೆಂಪು ದಾರದಲ್ಲಿ ಅದನ್ನು ಡಬ್ಬಿಯ ಹಿಡಿಕೆಗೆ ಹೊರಗಿನಿಂದ ಕಟ್ಟುತ್ತಿದ್ದಳು. ಯಾಕೆಂದು ಶಾರವ್ವ ಕೇಳಿದರೆ, "ಒಳಗ ಹಾಕಬಾರದಂತ, ಕಲಿತವ್ರು ಹೇಳ್ಯಾರ" ಎಂದಷ್ಟೇ ಹೇಳುತ್ತಿದ್ದಳು.

ಬಸಲಿಂಗವ್ವನ ಕರುಳೇಕೆ ಶುದ್ಧವಿತ್ತು ಎಂಬುದು ಕೊನೆಗೂ ತಿಳಿಯಲಿಲ್ಲ. ಮಂದಾಕಿನಿ ಆಕೆಯ ಮೊಸರು, ನೀರು, ಹಿಟ್ಟು ಎಲ್ಲ ತರಿಸಿ ಪರೀಕ್ಷಿಸಿದಳು. ಮೊಸರು ಮೊಸರೇ ಆಗಿತ್ತು. ಅದೃಷ್ಟ ಎಂದು ವರದಿಯಲ್ಲಿ ಬರೆಯುವಂತಿಲ್ಲವಾದ್ದರಿಂದ ಕಾರಣ ಅಜ್ಞಾತ ಎಂದು ಬರೆದಳು. ಬಸಲಿಂಗವ್ವ ಆಮೇಲೆಯೂ ಕೆಲವು ಸಲ ಕೊಟ್ಟಳು, ಬೆಳಕಿದ್ದಾಗಲೇ. ಅದು ಬೇರೆ ರೋಗಿಗಳಿಗೆ ಹೋಗಿ ಖರ್ಚಾಯಿತು.

*

ಮರುವರ್ಷದ ಮಳೆಗಾಲದಲ್ಲಿ ಬಸಲಿಂಗವ್ವನಿಗೆ ನ್ಯುಮೋನಿಯಾ ಆಯಿತು. ಪ್ರಬಲ ಔಷಧ ಕೊಡದೆ ಇದ್ದಿದ್ದರೆ ಉಳಿಯುತ್ತಿರಲಿಲ್ಲ. ಕೊಟ್ಟರು, ಉಳಿದಳು. ಆದರೆ ಔಷಧ ಬಿದ್ದಾಗ ಮೊದಲು ಸಾಯುವವು ಒಳ್ಳೆಯ ಬ್ಯಾಕ್ಟೀರಿಯಾಗಳೇ. ಅವು ಬಿಟ್ಟ ಜಾಗಕ್ಕೆ ಆಸ್ಪತ್ರೆಯ ಗಟ್ಟಿಪಿಂಡಗಳು ಬಂದು ಕುಳಿತವು. ಮುಂದಿನ ಪರೀಕ್ಷೆಯಲ್ಲಿ ಆಕೆಯ ಕಾರ್ಡು ಕೊನೆಯ ಸಾಲಿನವರೆಗೆ ಕೆಂಪು. ಕಾನೂನು ಕಾನೂನೇ. ಖಾನಾವಳಿಯ ಬಾಗಿಲಿಗೆ ಬೀಗ ಬಿತ್ತು.

ಬೀಗದ ಸುದ್ದಿಯನ್ನು ಮಂದಾಕಿನಿಯೇ ಹೋಗಿ ಹೇಳಬೇಕಾಗಿ ಬಂತು. ಬಸಲಿಂಗವ್ವ ಆರಿದ ಒಲೆಯ ಮುಂದೆ ಕುಳಿತಿದ್ದಳು, ಕೈಯಲ್ಲಿ ಹಿಟ್ಟಿರಲಿಲ್ಲ. ಹಿಟ್ಟಿಲ್ಲದ ಆ ಕೈಗಳು ಯಾರೋ ಬೇರೆಯವರದೆಂಬಂತೆ ಕಂಡವು.

"ಆತಲ್ರೀ ಬಾಯಾರ. ಗಡಿಗಿ ಒಡೀತು" ಎಂದಳು.

"ತಡೀರಿ ಅಕ್ಕಾರ" ಎಂದಳು ಮಂದಾಕಿನಿ.

ಕಸ್ತೂರಿ ಸದಾ ಔಷಧದ ಮೇಲಿರುವವಳು, ಅವಳಿಂದ ತೆಗೆದುಕೊಳ್ಳುವಂತಿರಲಿಲ್ಲ. ಆದರೆ ಶಾರವ್ವನ ಕಾರ್ಡು ಈಗಲೂ ಹಳದಿಯಿತ್ತು. ಮಂದಾಕಿನಿ ಅವಳಿಗೆ ಹೇಳಿಕಳಿಸಿದಳು. ಒಬ್ಬರಿಗೆ ಬೇಕಾಗಿದೆ, ಯಾರೆಂದು ಹೇಳುವಂತಿಲ್ಲ. ಶಾರವ್ವ ಪೂರ್ತಿ ಕೇಳಲೂ ಇಲ್ಲ. "ಡಬ್ಬಿ ಕೊಡ್ರಿ" ಎಂದಳು. ಅಂಗನವಾಡಿ ಮುಗಿಸಿ ಬರುವಾಗ ತಡವಾಯಿತೆಂದು ಹೇಳುತ್ತ, ಬೀದಿದೀಪ ಹತ್ತಿದ ಮೇಲೆ ತಂದುಕೊಟ್ಟಳು.

ಆ ಮಾದರಿ ಪರೀಕ್ಷೆಯಲ್ಲಿ ಹಳದಿಯಾಗಿಯೇ ಉಳಿಯಿತು.

ಕ್ಯಾಪ್ಸೂಲು ನುಂಗಲು ಬಸಲಿಂಗವ್ವ ಪರೀಕ್ಷಾಲಯಕ್ಕೆ ಬಂದ ದಿನ ಮುಂಬಾಗಿಲಿನಿಂದಲೇ ಬಂದಳು, ಸೆರಗು ತಲೆಯ ಮೇಲಿರಲಿಲ್ಲ. ಇರ್ಫಾನ ಕುರ್ಚಿ ಹಾಕಿ, ನೀರಿನ ಲೋಟ ಇಟ್ಟ. ಆಕೆ ಕ್ಯಾಪ್ಸೂಲನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು.

"ಯಾರ ಮನೀದ್ರೀ ಇದು?"

"ಹೆಸರ ಹೇಳೂಹಂಗಿಲ್ರೀ ಅಕ್ಕಾರ. ನಿಮ್ದೂ ಯಾರಿಗೂ ಹೇಳಿಲ್ಲ."

ಬಸಲಿಂಗವ್ವ ತಲೆದೂಗಿದಳು. ಹಾಗೆ ತಲೆದೂಗುತ್ತಿದ್ದಾಗ ಆಕೆಯ ಕಣ್ಣು ಮೇಜಿನ ತುದಿಗೆ ಹೋಯಿತು. ಮಾದರಿ ಬಂದ ಡಬ್ಬಿಯ ಹಿಡಿಕೆಯಿಂದ ಬಿಚ್ಚಿದ್ದನ್ನು ಇರ್ಫಾನ ಒಗೆಯಲು ಮನಸ್ಸು ಬಾರದೆ ಅಲ್ಲೇ ಇಟ್ಟಿದ್ದ. ಒಂದು ಬ್ಯಾಡಗಿ ಮೆಣಸಿನಕಾಯಿ. ಅದಕ್ಕೆ ಸುತ್ತಿದ ಕೆಂಪು ದಾರ, ಇಳಕಲ್ ಸೀರೆಯ ಅಂಚಿನದು.

ಆಕೆ ಅದನ್ನು ಕೈಗೆತ್ತಿಕೊಂಡಳು. ದಾರವನ್ನು ಬೆರಳಿನಿಂದ ಸವರಿದಳು, ಗಂಟನ್ನು ನೋಡಿದಳು. ಇರ್ಫಾನ ಕಿಟಕಿಯ ಕಡೆ ತಿರುಗಿಕೊಂಡ.

"ಹೇಳಬ್ಯಾಡ್ರಿ ಬಿಡ್ರಿ" ಎಂದು ಬಸಲಿಂಗವ್ವ ಕ್ಯಾಪ್ಸೂಲನ್ನು ಬಾಯಿಗೆ ಹಾಕಿ ನೀರು ಕುಡಿದಳು. ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡಳು, ಇಲ್ಲಿ ಹೊಗೆಯ ನೆಪವೂ ಇರಲಿಲ್ಲ. ಆಮೇಲೆ ಮೆಣಸಿನಕಾಯಿಯನ್ನು ದಾರ ಸಮೇತ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಇದನ್ನೇನ್ ಮಾಡ್ತೀರಿ ಅಕ್ಕಾರ?" ಎಂದಳು ಮಂದಾಕಿನಿ.

"ಒಲಿ ಹಚ್ಚಿದ ದಿನಾ ಆಕಿ ಮೊಸರಿನ ಡಬ್ಬಿಗೆ ಕಟ್ಟಾಕ ಬೇಕಲ್ರೀ."